ಹಾರಲೂ ಬೇಕು, ಹತ್ತಲೂ ಬೇಕು: ಫ್ರೀರೈಡ್ ಸೈಕಲ್ ಆರಿಸುವವರಿಗೆ

ಫ್ರೀರೈಡ್ ಸೈಕಲ್, ಅಂದರೆ ಗುಡ್ಡದ ದಾರಿಯಲ್ಲಿ ದೊಡ್ಡ ಜಂಪು, ಧುಮುಕುಗಳಿಗೆಂದು ಮಾಡಿದ ಸೈಕಲ್, ಕೊಳ್ಳಲು ಹೊರಟವರು ಮೊದಲು ಕೇಳುವುದು ಸಸ್ಪೆನ್ಷನ್ (ಗಾಲಿ ಮೇಲೆ ಕೆಳಗೆ ಚಲಿಸುವ ದೂರ) ಎಷ್ಟು ಮಿ.ಮೀ. ಎಂದು, ಆಮೇಲೆ ಕೇಳುವುದು ತೂಕ ಎಷ್ಟು ಎಂದು. ಗುಡ್ಡ ಹತ್ತುವ ಮಟ್ಟಿಗೆ ಇವೆರಡೂ ದೊಡ್ಡ ಪ್ರಶ್ನೆಗಳೇ ಅಲ್ಲ. 180 ಮಿ.ಮೀ. ಸಸ್ಪೆನ್ಷನ್ನಿನ, 16 ಕಿಲೋ ತೂಗುವ ಸೈಕಲ್ಲನ್ನು ಒಂದು ಗಂಟೆ ಬಿಡದೆ ಏರಿಗೆ ತುಳಿಯಬಹುದು. 160 ಮಿ.ಮೀ.ನ, 14 ಕಿಲೋದ ಇನ್ನೊಂದು ಸೈಕಲ್ ಅದೇ ಏರಿನಲ್ಲಿ ಸೊಂಟ ಹಿಡಿಸಿ ಕೆಳಗಿಳಿಸಬಹುದು. ವ್ಯತ್ಯಾಸವಿರುವುದು ಮೂರು ಕಡೆ: ಸೀಟು ಪೆಡಲಿಗಿಂತ ಎಷ್ಟು ಹಿಂದಿದೆ, ಟೈರು ಯಾವುದು, ಅತಿ ಹಗುರದ ಗೇರು ನಿಜಕ್ಕೂ ಎಷ್ಟು ಹಗುರ. ಟೈರನ್ನೂ ಗೇರನ್ನೂ ನಾಳೆ ಬದಲಾಯಿಸಬಹುದು. ಸೀಟಿನ ಜಾಗ ಮಾತ್ರ ಫ್ರೇಮಿನ ಜೊತೆಗೇ ಬರುತ್ತದೆ. ಹಾಗಾಗಿ ಹಣವನ್ನೂ ತಲೆಯನ್ನೂ ಖರ್ಚು ಮಾಡಬೇಕಾದದ್ದು ಫ್ರೇಮಿನ ಮೇಲೆ.

ಅದಕ್ಕೂ ಮೊದಲು ನಿಮ್ಮ ಏರು ಎಂಥದ್ದು ಎಂದು ನಿಮಗೆ ಗೊತ್ತಿರಬೇಕು. ಜೀಪು ಹೋಗುವಂಥ ಮಣ್ಣುದಾರಿಯಲ್ಲಿ ಮೇಲಕ್ಕೆ ಹೋಗಿ ಕಾಡುದಾರಿಯಲ್ಲಿ ಇಳಿಯುವವರಿಗೆ ಬೇಕಾದದ್ದು ಆರಾಮವಾಗಿ ಕೂತು ತುಳಿಯುವ ಭಂಗಿ ಮತ್ತು ಹಗುರ ಗೇರು, ಅಷ್ಟೆ. ಬೇರು, ಕಲ್ಲು, ಕಡಿದಾದ ತಿರುವುಗಳ ಕಿರುದಾರಿಯಲ್ಲೇ ಹತ್ತಬೇಕಾದವರಿಗೆ ಇವುಗಳ ಜೊತೆಗೆ ಪೆಡಲಿನ ಎತ್ತರ, ಹಿಂಗಾಲಿಯ ಹಿಡಿತ, ನಿಧಾನದಲ್ಲಿ ಹ್ಯಾಂಡಲ್ ಎಷ್ಟು ಅಲೆಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ 300 ಮೀಟರ್ ಹತ್ತುವವರಿಗೂ 1,200 ಮೀಟರ್ ಹತ್ತುವವರಿಗೂ ಒಂದೇ ಸೈಕಲ್ ಹೇಳಲಾಗದು.

ಸೀಟ್ ಆಂಗಲ್: ಬದಲಾಯಿಸಲಾಗದ ಅಂಕಿ

ಫ್ರೇಮಿನ ಅಳತೆಗಳ ಜಿಯೊಮೆಟ್ರಿ ಪಟ್ಟಿಯಲ್ಲಿ ‘ಎಫೆಕ್ಟಿವ್ ಸೀಟ್ ಆಂಗಲ್’, ಅಂದರೆ ಪೆಡಲಿನ ಅಚ್ಚಿನಿಂದ ಸೀಟಿಗೆ ಎಳೆದ ಗೆರೆ ನೆಲದೊಂದಿಗೆ ಮಾಡುವ ಕೋನ, 77 ಡಿಗ್ರಿ ಎಂದಿರುತ್ತದೆ. ಗುಡ್ಡದ ಮೇಲೆ ನಿಮಗೆ ಸಿಗುವುದು ಅಷ್ಟಲ್ಲ. ಆ ಅಂಕಿಯನ್ನು ಹ್ಯಾಂಡಲ್ ಕಡೆಯ ಕೊಳವೆಯ ತುದಿಯ ಎತ್ತರದಲ್ಲಿ, ಅಂದರೆ ಪೆಡಲಿನ ಅಚ್ಚಿನಿಂದ ಸುಮಾರು 630 ಮಿ.ಮೀ. ಮೇಲೆ ಅಳೆದಿರುತ್ತಾರೆ. ಸೀಟಿನ ಕೊಳವೆ ನಿಜಕ್ಕೂ ಇನ್ನೂ ಹಿಂದಕ್ಕೆ ಮಲಗಿರುತ್ತದೆ, ಎಷ್ಟೋ ಫ್ರೇಮ್‌ಗಳಲ್ಲಿ 70 ಡಿಗ್ರಿಯಷ್ಟು. ಉದ್ದ ಕಾಲಿನವರು ಸೀಟನ್ನು ಇನ್ನೂ 100 ಮಿ.ಮೀ. ಮೇಲೆತ್ತಿದರೆ ಅದು 36 ಮಿ.ಮೀ. ಹಿಂದೆಯೂ ಹೋಗುತ್ತದೆ, 77 ಇದ್ದದ್ದು 76 ಆಗುತ್ತದೆ. ನೀವು ಕೂತಾಗ ಹಿಂದಿನ ಸಸ್ಪೆನ್ಷನ್ ಶೇ 30ರಷ್ಟು ತಗ್ಗುತ್ತದೆ, ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಫೋರ್ಕ್ ಹೆಚ್ಚೇನೂ ತಗ್ಗುವುದಿಲ್ಲ. 1,250 ಮಿ.ಮೀ. ಗಾಲಿಯಂತರದ ಸೈಕಲ್ಲಿನಲ್ಲಿ ಇದು ಇನ್ನೂ ಸುಮಾರು 2 ಡಿಗ್ರಿ ತಿನ್ನುತ್ತದೆ. ದಾರಿಯೇ ಶೇ 10ರ ಏರಾಗಿದ್ದರೆ ಮತ್ತೆ 5.7 ಡಿಗ್ರಿ ಹೋಯಿತು. ಕೊನೆಗೆ ಉಳಿಯುವುದು 68ರ ಆಸುಪಾಸು. ಶೇ 15ರ ಏರಿನಲ್ಲಿ 66ಕ್ಕೂ ಕಡಿಮೆ. ಪಟ್ಟಿಯಲ್ಲೇ 74 ಇರುವ ಸೈಕಲ್ಲಿನಲ್ಲಿ ಇದೇ ಲೆಕ್ಕ ಹಾಕಿದರೆ ಅದರ ಮೇಲೆ ಕೂತವರು ಏಕೆ ಕೈಯಲ್ಲಿ ಜೋತುಬಿದ್ದಂತೆ ಹತ್ತುತ್ತಾರೆ ಎಂದು ತಿಳಿಯುತ್ತದೆ. ಪೆಡಲ್ ಕಾಲಿನ ಕೆಳಗಿರದೆ ಮುಂದೆಲ್ಲೋ ಇರುತ್ತದೆ. ಪ್ರತಿ ತುಳಿತಕ್ಕೂ ಮುಂಗಾಲಿ ಎದ್ದೇಳುತ್ತದೆ.

ಈ ಲೆಕ್ಕದಲ್ಲೇ ಇನ್ನೊಂದು ವಿಷಯ ಅಡಗಿದೆ. ಹಿಂದಿನ ಸಸ್ಪೆನ್ಷನ್ 150ರಿಂದ 180 ಮಿ.ಮೀ.ಗೆ ಏರಿದರೆ ಶೇ 30ರ ಸ್ಯಾಗ್‌ನಲ್ಲಿ ಹೆಚ್ಚುವರಿ ತಗ್ಗುವುದು 9 ಮಿ.ಮೀ. ಮಾತ್ರ. ಕೋನದಲ್ಲಿ ಅದು ಅರ್ಧ ಡಿಗ್ರಿಯೂ ಇಲ್ಲ. ಉದ್ದ ಸಸ್ಪೆನ್ಷನ್ ಹತ್ತಲು ಬಿಡುವುದಿಲ್ಲ ಎಂಬ ಮಾತು ಹುಟ್ಟಿದ್ದು 72–73 ಡಿಗ್ರಿಯ ಸೀಟು, 18–20 ಕಿಲೋ ತೂಕದ ಹಳೆಯ ಸೈಕಲ್ಲುಗಳ ಕಾಲದಲ್ಲಿ. ಆಗ ಫಾಕ್ಸ್ ಟಾಲಸ್, ರಾಕ್‌ಶಾಕ್ಸ್ ಯು-ಟರ್ನ್ ಎಂಬ ಫೋರ್ಕ್‌ಗಳಿದ್ದವು. ಏರಿಗೆ ಮುನ್ನ ಗುಬುಟು ತಿರುಗಿಸಿ ಮುಂಭಾಗ ತಗ್ಗಿಸಿಕೊಳ್ಳಬೇಕಿತ್ತು. ಸೀಟು ಮುಂದಕ್ಕೆ ಬಂದಮೇಲೆ ಆ ಉಪಾಯದ ಅಗತ್ಯವೇ ತಪ್ಪಿಹೋಯಿತು.

ಇಂದು ಹತ್ತುವ ಉದ್ದೇಶವಿದ್ದರೆ 77 ಡಿಗ್ರಿಗಿಂತ ಕಡಿಮೆಯದನ್ನು ಕೊಳ್ಳಬೇಡಿ. 78 ಸಿಕ್ಕರೆ ಲೇಸು. ಕಾಲು ಉದ್ದವಿದ್ದವರು ‘ಆಕ್ಚುವಲ್’ ಆಂಗಲ್ಲನ್ನೂ ನೋಡಲಿ. ಕೈಯಲ್ಲಿರುವ ಸೈಕಲ್ಲನ್ನು ಸುಧಾರಿಸಬೇಕಾದರೆ ಸೀಟನ್ನು ಕಂಬಿಯ ಮೇಲೆ 10 ಮಿ.ಮೀ. ಮುಂದೆ ಸರಿಸಿ: ಮುಕ್ಕಾಲು ಡಿಗ್ರಿ ಸಿಕ್ಕಂತೆ. ಮೂತಿಯನ್ನು 2–3 ಡಿಗ್ರಿ ಬಗ್ಗಿಸಿದರೆ ಏರಿನಲ್ಲಿ ಜಾರುವುದು ನಿಲ್ಲುತ್ತದೆ. ಇದಕ್ಕಿಂತ ಹೆಚ್ಚಿನದೇನೂ ಆಗದು.

ಸೀಟಿನ ಜೊತೆ ಡ್ರಾಪರ್ ಪೋಸ್ಟಿನದೂ, ಅಂದರೆ ಸವಾರಿಯ ನಡುವೆಯೇ ಲಿವರ್ ಒತ್ತಿ ಸೀಟು ಏರಿಸಿ ಇಳಿಸುವ ಕಂಬದ್ದೂ, ಒಂದು ಗೋಜಲಿದೆ. ಫ್ರೀರೈಡ್ ಫ್ರೇಮಿನ ಸೀಟ್ ಕೊಳವೆ ಗಿಡ್ಡ, ಕೆಲವದರಲ್ಲಿ ನಡುವೆ ಬಾಗು ಬೇರೆ. ನಿಮ್ಮ ಒಳಗಾಲಿನ (ತೊಡೆಸಂದಿನಿಂದ ನೆಲದವರೆಗಿನ) ಉದ್ದವನ್ನು 0.88ರಿಂದ ಗುಣಿಸಿ, ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನಿಂದ ಸೀಟಿನ ಮೇಲ್ಭಾಗಕ್ಕೆ ಬೇಕಾದ ಎತ್ತರ ಹೆಚ್ಚುಕಡಿಮೆ ಅದು. 84 ಸೆಂ.ಮೀ. ಕಾಲಿನವರಿಗೆ 74 ಸೆಂ.ಮೀ. ಪೋಸ್ಟನ್ನು ಅದರ ‘ಮಿನಿಮಮ್ ಇನ್ಸರ್ಟ್’ ಗೆರೆ ದಾಟಿಸದೆ ಅಷ್ಟು ಎತ್ತರಕ್ಕೆ ಏರಿಸಲು ಆಗುತ್ತದೆಯೇ, ಇಳಿಸಿದಾಗ ಸೀಟು ಪೂರ್ತಿ ಕೆಳಗೆ ಕೂರುತ್ತದೆಯೇ ಎಂದು ಅಳೆದು ನೋಡಿ. ಗೆರೆ ದಾಟಿಸಿ ಓಡಿಸಿದರೆ ಫ್ರೇಮಿನ ಸೀಟ್ ಕೊಳವೆ ಸೀಳುತ್ತದೆ, ವಾರಂಟಿಯೂ ಸಿಗುವುದಿಲ್ಲ.

ಟೈರು: ಅಗ್ಗದಲ್ಲಿ ಕೊಳ್ಳಬಹುದಾದ ಶಕ್ತಿ

ಸವಾರ, ಸಾಮಾನು, ಸೈಕಲ್ ಸೇರಿ ನೂರು ಕಿಲೋ ಎಂದುಕೊಳ್ಳಿ. ಶೇ 10ರ ಏರಿನಲ್ಲಿ ಗಂಟೆಗೆ 6 ಕಿ.ಮೀ. ವೇಗಕ್ಕೆ ಭಾರ ಎತ್ತಲು ಸುಮಾರು 160 ವಾಟ್ ಬೇಕು. ಟೈರಿನ ಉರುಳುತಡೆಯ ಗುಣಾಂಕ 0.02 ಇದ್ದರೆ ಅದಕ್ಕೆ ಇನ್ನೂ 33 ವಾಟ್; ಮೆತ್ತನೆಯ ರಬ್ಬರು, ದಪ್ಪ ಪಕ್ಕಗೋಡೆಯಿಂದಾಗಿ ಅದು 0.03 ಆದರೆ 49. ಅಂತರ 16 ವಾಟ್. ಅದೇ ಏರಿನಲ್ಲಿ ಸೈಕಲ್ಲಿಗೆ ಒಂದು ಕಿಲೋ ಹೆಚ್ಚಾದರೆ ಬೇಕಾಗುವುದು ಬರೀ 2 ವಾಟ್. ಅಂದರೆ ತಪ್ಪು ಟೈರು ಎಂಟು ಕಿಲೋ ಕಲ್ಲು ಕಟ್ಟಿಕೊಂಡು ಹತ್ತಿದ್ದಕ್ಕೆ ಸಮ. ಒಂದು ಕಿಲೋ ಹಗುರ ಮಾಡಲು ಕಾರ್ಬನ್ ಫ್ರೇಮಿಗೆ ಎಷ್ಟು ಹಣ ಸುರಿಯಬೇಕೆಂದು ನೆನೆಸಿಕೊಂಡರೆ ಈ ಲೆಕ್ಕ ಇನ್ನೂ ಚುರುಕು ಮುಟ್ಟಿಸುತ್ತದೆ.

ಹಾಗಂತ ತೆಳು ಟೈರು ಹಾಕಿ ಬಂಡೆಯಿಂದ ಧುಮುಕಿದರೆ ಮೊದಲ ದಿನವೇ ರಿಮ್ ಬಳಿ ಟೈರು ಸೀಳುತ್ತದೆ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಆರಿಸುವುದೇ ದಾರಿ. ಮುಂಗಾಲಿಯ ಮೇಲೆ ಏರಿನಲ್ಲಿ ಹೆಚ್ಚು ಭಾರ ಇರುವುದಿಲ್ಲ. ಅಲ್ಲಿ ಅತಿ ಮೆತ್ತನೆಯ ರಬ್ಬರು ಹಾಕಿದರೂ ನಷ್ಟ ಕಡಿಮೆ, ಇಳಿಯುವಾಗ ಜೀವ ಉಳಿಸುವುದೂ ಅದೇ. ಹಿಂದೆ ಗಟ್ಟಿ ಗೋಡೆ, ಆದರೆ ಒಂದು ಮಟ್ಟ ಗಡಸಾದ ರಬ್ಬರು. ಮ್ಯಾಕ್ಸಿಸ್‌ನಲ್ಲಿ ಮುಂದೆ ‘ಮ್ಯಾಕ್ಸ್‌ಗ್ರಿಪ್’, ಹಿಂದೆ ‘ಡಬಲ್‌ಡೌನ್’ ಗೋಡೆಯ ‘ಮ್ಯಾಕ್ಸ್‌ಟೆರಾ’. ಶ್ವಾಲ್ಬೆಯಲ್ಲಿ ಮುಂದೆ ‘ಅಲ್ಟ್ರಾ ಸಾಫ್ಟ್’, ಹಿಂದೆ ‘ಸೂಪರ್ ಗ್ರಾವಿಟಿ’ ಗೋಡೆಯ ‘ಸಾಫ್ಟ್’. ಕಾಂಟಿನೆಂಟಲ್‌ನಲ್ಲಿ ಮುಂದೆ ‘ಸೂಪರ್‌ಸಾಫ್ಟ್’, ಹಿಂದೆ ‘ಎಂಡ್ಯುರೊ’ ಗೋಡೆಯ ‘ಸಾಫ್ಟ್’. ಪೂರ್ತಿ ಡೌನ್‌ಹಿಲ್ (ಇಳಿಯುವುದಕ್ಕೆಂದೇ ಇರುವ) ಗೋಡೆಯ ಟೈರನ್ನು ಎರಡೂ ಗಾಲಿಗೆ ಹಾಕಿ ಮಾರುವ ಸೈಕಲ್ ನಿಮಗೆ ಸಿಕ್ಕರೆ ಹಿಂದಿನದನ್ನು ಮೊದಲ ವಾರವೇ ಬದಲಾಯಿಸಿ.

80 ಕಿಲೋ ಸವಾರರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಗಾಳಿಯಿಂದ ಶುರುಮಾಡಬಹುದು. ರಿಮ್ ಕಲ್ಲಿಗೆ ತಾಗುವ ಸದ್ದು ಕೇಳಿದರೆ ಹಿಂದೆ ಒಂದೆರಡು ಪಿಎಸ್‌ಐ ಏರಿಸಿ. ಟೈರಿನೊಳಗೆ ಫೋಮ್ ಇನ್ಸರ್ಟ್ ಹಾಕುವುದಿದ್ದರೆ ಹಿಂದಿನದಕ್ಕೆ ಮಾತ್ರ ಸಾಕು. ಗಾಲಿಗೆ ಕಾಲು ಕಿಲೋ ಬೀಳುತ್ತದೆ. ದಾರಿಯಲ್ಲಿ ಪಂಕ್ಚರ್ ಆದರೆ ಟೈರು ಬಿಚ್ಚುವಷ್ಟರಲ್ಲಿ ಬೆರಳು ಸೋಲುತ್ತದೆ.

ಗೇರು

ಈಗಿನ 12 ಗೇರಿನ ಕ್ಯಾಸೆಟ್ಟುಗಳಲ್ಲಿ, ಅಂದರೆ ಹಿಂಗಾಲಿಯ ಹಲ್ಲುಗಾಲಿಗಳ ಗೊಂಚಲಿನಲ್ಲಿ, ಅತಿ ದೊಡ್ಡ ಹಲ್ಲುಗಾಲಿ ಶಿಮಾನೊದಲ್ಲಿ 51, ಸ್ರಾಮ್ ಈಗಲ್‌ನಲ್ಲಿ 50 ಅಥವಾ 52. ಪೆಡಲಿನ ಬಳಿಯ ಹಲ್ಲುಗಾಲಿ, ಅಂದರೆ ಚೈನ್‌ರಿಂಗ್, 30 ಹಲ್ಲಿನದಾದರೆ 29 ಇಂಚಿನ ಗಾಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 1.37 ಮೀಟರ್ ಸಾಗುತ್ತದೆ. ಮೇಲಿನದೇ ನೂರು ಕಿಲೋ, ಶೇ 15ರ ಏರು, ನಿಮಿಷಕ್ಕೆ 60 ಸುತ್ತು ಎಂದರೆ ಕಾಲಿನಿಂದ ಬರಬೇಕಾದದ್ದು 230 ವಾಟ್. 32 ಹಲ್ಲಿಗೆ 250 ಆಗುತ್ತದೆ, 28ಕ್ಕೆ 215. ಡೌನ್‌ಹಿಲ್ ಸೈಕಲ್ಲಿನ 34 ಹಲ್ಲಿನ ಚೈನ್‌ರಿಂಗ್, 24 ಹಲ್ಲಿನ 7 ಗೇರ್ ಕ್ಯಾಸೆಟ್ಟಿನಲ್ಲಿ ಅದೇ ಲೆಕ್ಕ 560 ವಾಟ್ ದಾಟುತ್ತದೆ. ಹೊತ್ತುಗಟ್ಟಲೆ ಅಷ್ಟು ಕೊಡುವ ಕಾಲು ಯಾರಿಗೂ ಇಲ್ಲ. ಡೌನ್‌ಹಿಲ್ ಸೈಕಲ್ಲನ್ನೇ ಕೊಂಡು ‘ಹೇಗೋ ಹತ್ತಿಸುತ್ತೇನೆ’ ಎನ್ನುವವರಿಗೆ ಇಷ್ಟು ಸಾಕು.

30 ಹಲ್ಲೇ ಹೆಚ್ಚಿನವರಿಗೆ ಸರಿ. ಅಂಗಡಿಯಿಂದ 32 ಹಾಕಿ ಬಂದಿದ್ದರೆ ಬದಲಾಯಿಸುವುದು ಅಗ್ಗದ ಕೆಲಸ. ಚೈನಿನ ಒಂದೆರಡು ಕೊಂಡಿ ತೆಗೆಯಬೇಕಾಗಬಹುದು, ಚೈನ್ ಹಾರದಂತೆ ತಡೆಯುವ ಚೈನ್‌ಗೈಡನ್ನೂ ಕೆಳಗಿಳಿಸಬೇಕು. ಇಳಿಜಾರಿನಲ್ಲಿ ಗೇರು ಸಾಲದು ಎನ್ನುತ್ತಾರೆ. 30ಕ್ಕೆ 10 ಹಲ್ಲಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 37 ಕಿ.ಮೀ. ವೇಗ ಬರುತ್ತದೆ, ಅದಕ್ಕಿಂತ ಜೋರಾಗಿ ಹೋಗುವ ಕಡೆ ಯಾರೂ ತುಳಿಯುತ್ತಿರುವುದಿಲ್ಲ.

ಹಿಂದೆ 27.5, ಮುಂದೆ 29 ಇಂಚಿನ ಮಿಶ್ರ ಗಾಲಿ ಇದ್ದರೆ ಎಲ್ಲ ಗೇರೂ ತಾನಾಗಿ ಶೇ 5ರಷ್ಟು ಹಗುರವಾಗುತ್ತದೆ. ಗಾಳಿಯಲ್ಲಿ ಸೈಕಲ್ ತಿರುಗಿಸಲು ಸಲೀಸು, ಕಡಿದಾದ ಕಡೆ ಹಿಂದೆ ಸರಿದಾಗ ಟೈರು ತಗಲುವುದಿಲ್ಲ. ಆದರೆ ಏರಿನಲ್ಲಿ ಮೆಟ್ಟಿಲಿನಂಥ ಬೇರು ಕಲ್ಲುಗಳಿಗೆ ಸಣ್ಣ ಗಾಲಿ ಸಿಕ್ಕಿಕೊಳ್ಳುವುದು ಹೆಚ್ಚು. ಕಿರುದಾರಿಯಲ್ಲಿ ಹತ್ತುವವರು ಎರಡೂ 29 ಇರುವುದನ್ನೇ ನೋಡಲಿ.

ತುಳಿದಾಗ ಕುಣಿಯುವ ಸಸ್ಪೆನ್ಷನ್

ಪೆಡಲ್ ಒತ್ತಿದಾಗ ಚೈನ್ ಎಳೆತದಿಂದ ಹಿಂಭಾಗ ಕುಸಿಯದಂತೆ ತಡೆಯುವ ಗುಣಕ್ಕೆ ಆಂಟಿ-ಸ್ಕ್ವಾಟ್ ಎನ್ನುತ್ತಾರೆ. ಸ್ಯಾಗ್ ಬಿಂದುವಿನಲ್ಲಿ, ನೀವು ಏರಿಗೆ ಬಳಸುವ ದೊಡ್ಡ ಹಲ್ಲಿನ ಗೇರಿನಲ್ಲಿ ಅದು ಶೇ 100ರ ಹತ್ತಿರವಿದ್ದರೆ ಕುಣಿತ ಕಡಿಮೆ. ತೀರಾ ಹೆಚ್ಚಾದರೆ ಕಲ್ಲಿಗೆ ಗಾಲಿ ಬಡಿದಾಗ ಪೆಡಲ್ ಹಿಂದಕ್ಕೆ ಒದೆಯುತ್ತದೆ, ಹಿಡಿತವೂ ತಪ್ಪುತ್ತದೆ. ಎರಡು ಗಿಡ್ಡ ಕೊಂಡಿಗಳ ವಿನ್ಯಾಸಗಳು, ಅಂದರೆ ಡಿಡಬ್ಲ್ಯೂ-ಲಿಂಕ್, ಸ್ಯಾಂಟಾ ಕ್ರೂಜ್‌ನ ವಿಪಿಪಿ ಮುಂತಾದವು ಸಸ್ಪೆನ್ಷನ್ ಬಿಗಿ ಮಾಡುವ ಲಿವರ್ ಮುಟ್ಟದೆಯೇ ಚೆನ್ನಾಗಿ ತುಳಿಸಿಕೊಳ್ಳುತ್ತವೆ ಎಂಬ ಹೆಸರು ಗಳಿಸಿವೆ. ಹಿಂಗಾಲಿಯ ಅಚ್ಚಿನ ಮುಂದೆಯೇ ಒಂದು ಕೀಲಿರುವ ಹಾರ್ಸ್ಟ್ ಲಿಂಕ್ ಸೈಕಲ್ಲುಗಳಲ್ಲಿ ತಯಾರಕರು ಕೊಂಡಿ ಎಲ್ಲಿಟ್ಟಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಒಟ್ಟಿನಲ್ಲಿ ವಿನ್ಯಾಸದ ಹೆಸರು ನೋಡಿ ಕೊಳ್ಳುವುದು ಜಾಣತನವಲ್ಲ. ಮಣ್ಣುದಾರಿಯಲ್ಲಿ ಹತ್ತುವವರಿಗಂತೂ ಈ ಚರ್ಚೆಯೇ ಬೇಡ: ಶಾಕ್ (ಹಿಂದಿನ ಸಸ್ಪೆನ್ಷನ್ನಿನ ಘಟಕ) ಮೇಲೆ ಕೈಗೆಟಕುವ ಕಡೆ ಅದನ್ನು ಬಿಗಿ ಮಾಡುವ ಕ್ಲೈಂಬ್ ಲಿವರ್ ಇದ್ದರೆ ಮುಗಿಯಿತು. ಡೌನ್‌ಹಿಲ್‌ಗೆಂದೇ ಮಾಡಿದ ಕೆಲವು ಶಾಕ್‌ಗಳಲ್ಲಿ ಲಿವರ್ ಇರುವುದಿಲ್ಲ; ಮಾದರಿಯ ಹೆಸರು ಒಂದೇ ಇದ್ದರೂ ಎರಡು ಬಗೆ ಇರುತ್ತವೆ, ಕೇಳಿಯೇ ಕೊಳ್ಳಿ. ಮೇಲೆ ತಲುಪಿದ ಮೇಲೆ ಲಿವರ್ ತೆರೆಯುವುದನ್ನು ಮರೆತು ಮೊದಲ ಜಂಪಿನಲ್ಲೇ ಎಗರಿ ಬೀಳುವವರು ಕಡಿಮೆಯೇನಿಲ್ಲ. ಹೆಲ್ಮೆಟ್ ಪಟ್ಟಿ ಬಿಗಿಯುವುದು, ಸೀಟು ಇಳಿಸುವುದು, ಲಿವರ್ ತೆರೆಯುವುದು ಮೂರನ್ನೂ ಒಟ್ಟಿಗೆ ರೂಢಿ ಮಾಡಿಕೊಳ್ಳಿ.

ಗಾಳಿ ಶಾಕೋ, ಕಾಯಿಲ್ ಸ್ಪ್ರಿಂಗೋ? ಕಾಯಿಲ್ ಹಿಡಿತ ಹೆಚ್ಚು ಕೊಡುತ್ತದೆ. ಉದ್ದ ಇಳಿಜಾರಿನಲ್ಲಿ ಅದರ ಗುಣ ಬದಲಾಗುವುದೂ ಕಡಿಮೆ. ತೂಕ ಅರ್ಧ ಕಿಲೋದಷ್ಟು ಹೆಚ್ಚು. ಮೇಲಿನ ಲೆಕ್ಕದಂತೆ ಅದು ಒಂದು ವಾಟ್, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದದ್ದು ಫ್ರೇಮಿನ ಲೆವರೇಜ್, ಅಂದರೆ ಶಾಕ್ ಒಂದು ಮಿ.ಮೀ. ಕುಗ್ಗಿದಾಗ ಹಿಂಗಾಲಿ ಎಷ್ಟು ಮಿ.ಮೀ. ಚಲಿಸುತ್ತದೆ ಎಂಬ ಅನುಪಾತ. ಆರಂಭದಲ್ಲಿ 3.0 ಇದ್ದು ಕೊನೆಗೆ 2.2ಕ್ಕೆ ಇಳಿದರೆ ಶೇ 27ರ ಇಳಿಕೆ, ಅಂದರೆ ತಳಕ್ಕೆ ಹೋದಂತೆ ಸಸ್ಪೆನ್ಷನ್ ಗಟ್ಟಿಯಾಗುತ್ತದೆ. ಕಾಯಿಲ್ ಚೆನ್ನಾಗಿ ಒಗ್ಗುತ್ತದೆ. ಶೇ 15ರ ಆಸುಪಾಸಿನ ಫ್ರೇಮಿಗೆ ಕಾಯಿಲ್ ಹಾಕಿದರೆ ದೊಡ್ಡ ಧುಮುಕಿನಲ್ಲಿ ಪ್ರತಿಸಲವೂ ತಳ ಕುಟ್ಟುತ್ತದೆ. ಸವಾರರ ತೂಕ ಬದಲಾಗುತ್ತಿದ್ದರೆ, ಅಥವಾ ಒಂದು ದಿನ ಬೈಕ್ ಪಾರ್ಕು (ಜಂಪು, ಇಳಿಜಾರುಗಳಿಗೆಂದು ಕಟ್ಟಿದ ಜಾಗ), ಮರುದಿನ ಉದ್ದ ಏರು ಎಂದಿದ್ದರೆ ಪಂಪಿನಲ್ಲಿ ಸರಿಹೊಂದಿಸಬಹುದಾದ ಗಾಳಿ ಶಾಕೇ ಸುಲಭ.

ಗಟ್ಟಿತನ

ಎಎಸ್‌ಟಿಎಂ ಎಫ್2043 ಎಂಬ ಮಾನದಂಡದಂತೆ ಸೈಕಲ್ಲುಗಳನ್ನು ಬಳಕೆಯ ವರ್ಗಗಳಾಗಿ ವಿಂಗಡಿಸುತ್ತಾರೆ. 3ನೇ ವರ್ಗಕ್ಕೆ 61 ಸೆಂ.ಮೀ.ವರೆಗಿನ ಧುಮುಕು, 4ಕ್ಕೆ 122 ಸೆಂ.ಮೀ.ವರೆಗೆ, ಅದಕ್ಕೂ ಮೇಲಿನದು, ಬೈಕ್ ಪಾರ್ಕು, ದೊಡ್ಡ ಜಂಪು ಎಲ್ಲ 5ಕ್ಕೆ. ಎಷ್ಟೋ ಫ್ರೇಮ್‌ಗಳ ಮೇಲೆ ಈ ವರ್ಗದ ಚೀಟಿ ಅಂಟಿಸಿರುತ್ತಾರೆ, ಇಲ್ಲದಿದ್ದರೆ ಕೈಪಿಡಿಯಲ್ಲಿರುತ್ತದೆ. ಜಾಹೀರಾತಿನ ಚಿತ್ರದಲ್ಲಿ ಎಷ್ಟು ಎತ್ತರ ಹಾರಿದ್ದಾರೆ ಎಂಬುದಕ್ಕಿಂತ ಈ ಚೀಟಿ ನಂಬಿಕಸ್ತ. ಬ್ರೇಕ್ ನಾಲ್ಕು ಪಿಸ್ಟನ್ನಿನದಿರಲಿ, ಡಿಸ್ಕ್ 200 ಮಿ.ಮೀ.ಗೆ ಕಡಿಮೆ ಬೇಡ. ಇದರಲ್ಲಿ ತೂಕ ಉಳಿಸಲು ಹೋಗಬೇಡಿ.

ಈಗ ಆಯ್ಕೆಗಳು

*170 ಮಿ.ಮೀ.ನ ದೊಡ್ಡ ಎಂಡ್ಯುರೊ.* ತುಳಿದು ಹತ್ತಿ, ಕಡಿದಾದ ದಾರಿಯಲ್ಲಿ ಜೋರಾಗಿ ಇಳಿಯಲೆಂದು ಮಾಡಿದವು. ಸ್ಯಾಂಟಾ ಕ್ರೂಜ್ ನೊಮ್ಯಾಡ್, ಟ್ರಾನ್ಸಿಷನ್ ಸ್ಪೈರ್, ಸ್ಕಾಟ್ ರ‍್ಯಾನ್ಸಮ್ ಈ ಗುಂಪಿನವು. ‘ಒಂದೇ ಸೈಕಲ್, ಎಲ್ಲಕ್ಕೂ’ ಎನ್ನುವವರಿಗೆ ನಮ್ಮ ಮೊದಲ ಸಲಹೆ ಇದೇ. ಹೆಡ್ ಆಂಗಲ್ (ಹ್ಯಾಂಡಲ್ ಕಡೆಯ ಕೊಳವೆಯ ಕೋನ) 63ರ ಸುತ್ತ, ಸೀಟ್ ಆಂಗಲ್ 77ರ ಸುತ್ತ, 12 ಗೇರು, ಉದ್ದ ಡ್ರಾಪರ್ ಎಲ್ಲವೂ ಅಂಗಡಿಯಿಂದಲೇ ಬರುತ್ತದೆ. ರ‍್ಯಾನ್ಸಮ್‌ನಲ್ಲಿ ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಹಿಂದಿನ ಸಸ್ಪೆನ್ಷನ್ ಗಿಡ್ಡ ಮಾಡಿಕೊಳ್ಳಬಹುದು. ಸ್ಯಾಗ್ ಕಡಿಮೆಯಾಗಿ ಸೀಟು ಒಂದಿಷ್ಟು ಮುಂದೆ ಬರುವುದರಿಂದ ಏರುತಗ್ಗು ಮಿಶ್ರ ದಾರಿಯಲ್ಲಿ ಇದು ನಿಜಕ್ಕೂ ಉಪಯೋಗಿ. ಆದರೆ ಕೇಬಲ್ಲುಗಳ ಗೊಂಚಲು ಹೆಚ್ಚು, ಆ ಶಾಕ್ ಹಾಳಾದರೆ ಬೇರೆ ಶಾಕ್ ಹಾಕುವುದೂ ಅಷ್ಟು ಸರಳವಲ್ಲ. 170ರ ಸೈಕಲ್ಲುಗಳ ಕೊರತೆ ಎಂದರೆ ವಾರಕ್ಕೆರಡು ದಿನ ಪಾರ್ಕಿನಲ್ಲೇ ಹಾರುವವರಿಗೆ ಬೇರಿಂಗು, ರಿಮ್ ಬೇಗ ಸವೆಯುತ್ತವೆ. ಅಂಥವರು ಕಾರ್ಬನ್ ಬಿಟ್ಟು ಅಲ್ಯುಮಿನಿಯಂ ಫ್ರೇಮ್ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಫೋರ್ಕ್, ಗಾಲಿ ತೆಗೆದುಕೊಳ್ಳಲಿ.

*175–180 ಮಿ.ಮೀ.ನ ಶುದ್ಧ ಫ್ರೀರೈಡ್.* ಪ್ರೊಪೇನ್ ಸ್ಪಿಂಡ್ರಿಫ್ಟ್, ಕ್ಯಾನ್ಯನ್ ಟಾರ್ಕ್ ತರಹದವು. ತಪ್ಪು ಇಳಿದರೂ ಕ್ಷಮಿಸುತ್ತವೆ. ಹತ್ತಿಸುವುದು ಕಷ್ಟವಲ್ಲ, ನಿಧಾನ ಅಷ್ಟೆ. ಆದರೆ ಒಂದೇ ಮಾದರಿಯ ಹೆಸರಿನಲ್ಲಿ ಎರಡು ಜಾತಿ ಮಾರುತ್ತಾರೆ ಎಂಬುದು ಗಮನದಲ್ಲಿರಲಿ: ಒಂದಕ್ಕೆ 12 ಗೇರು, ಲಿವರ್ ಇರುವ ಶಾಕ್, ಉದ್ದ ಡ್ರಾಪರ್, ಇನ್ನೊಂದಕ್ಕೆ 7 ಗೇರು ಅಥವಾ ಡೌನ್‌ಹಿಲ್ ಸೈಕಲ್ಲಿನಂಥ ಡಬಲ್ ಕ್ರೌನ್ ಫೋರ್ಕ್. ಎರಡನೆಯದನ್ನು ಅಗ್ಗಕ್ಕೆ ಕೊಂಡು ಹತ್ತುವ ಸೈಕಲ್ಲಾಗಿ ಮಾರ್ಪಡಿಸಲು ಹೊರಟರೆ ಕ್ಯಾಸೆಟ್, ಡಿರೇಲರ್, ಶಿಫ್ಟರ್, ಚೈನ್, ಹಬ್ಬಿನ ಫ್ರೀಹಬ್ ಬಾಡಿ, ಡ್ರಾಪರ್ ಎಲ್ಲ ಸೇರಿ ಮೊದಲನೆಯದರ ಬೆಲೆಯನ್ನೇ ದಾಟುತ್ತದೆ. ದಿನಕ್ಕೆ 500–600 ಮೀಟರ್ ಮಣ್ಣುದಾರಿ ಹತ್ತಿ, ದೊಡ್ಡ ಸಾಲು ಇಳಿಯುವವರಿಗೆ ಇದು ತಕ್ಕದ್ದು. ಕಿರುದಾರಿಯಲ್ಲಿ ಹತ್ತುವವರಿಗೆ ಬೇಡ. ನಿಧಾನವಾಗಿ ತಿರುಗುವಾಗ 63 ಡಿಗ್ರಿಗಿಂತ ಮಲಗಿದ ಮುಂಭಾಗ ಅತ್ತಿತ್ತ ಬೀಳುತ್ತದೆ, ಸ್ಯಾಗ್ ಹೆಚ್ಚಾದಷ್ಟೂ ಪೆಡಲ್ ಕಲ್ಲಿಗೆ ಬಡಿಯುತ್ತದೆ. 165 ಮಿ.ಮೀ. ಕ್ರ್ಯಾಂಕ್ (ಪೆಡಲಿನ ತೋಳು) ಹಾಕಿದರೆ ಪೆಡಲ್ 175ಕ್ಕಿಂತ 10 ಮಿ.ಮೀ. ನೆಲದಿಂದ ಮೇಲಿರುತ್ತದೆ; ಇಂಥ ಸೈಕಲ್ಲಿಗೆ ಇದನ್ನು ಕಡ್ಡಾಯ ಎಂದೇ ತಿಳಿಯಿರಿ.

*ಹೈ ಪಿವಟ್, ಐಡ್ಲರ್ ಇರುವವು.* ಹಿಂಭಾಗ ತಿರುಗುವ ಕೀಲು (ಪಿವಟ್) ಎತ್ತರದಲ್ಲಿದ್ದು, ಚೈನನ್ನು ಮೇಲೆ ಹಾಯಿಸಲು ಐಡ್ಲರ್ ಎಂಬ ಹಲ್ಲುರಾಟೆ ಇರುವ ಸೈಕಲ್ಲುಗಳಿವು. 170 ಮಿ.ಮೀ.ನ ನಾರ್ಕೊ ರೇಂಜ್ ಒಂದು ಉದಾಹರಣೆ. ಹಿಂಗಾಲಿ ಕಲ್ಲಿಗೆ ಬಡಿದಾಗ ಮೇಲೆ ಮಾತ್ರವಲ್ಲ, ಹಿಂದಕ್ಕೂ ಸರಿಯುತ್ತದೆ. ಒರಟು ದಾರಿಯಲ್ಲಿ ಈ ನುಣುಪು ಬೇರೆ ಸೈಕಲ್ಲುಗಳಲ್ಲಿ ಸಿಗದು. ಚೈನ್ ಮೇಲಿನ ಹಲ್ಲುರಾಟೆ ದಾಟಿ ಹೋಗುವುದರಿಂದ ಪೆಡಲ್ ಒದೆತವೂ ಇಲ್ಲವೆನ್ನುವಷ್ಟು ಕಡಿಮೆ. ಅದೇ ಹಲ್ಲುರಾಟೆ ಏರಿನಲ್ಲಿ ಒಂದಿಷ್ಟು ಶಕ್ತಿ ತಿನ್ನುತ್ತದೆ, ಕೆಸರಾದರೆ ಗರಗರ ಎನ್ನುತ್ತದೆ. ಪ್ರತಿ ಸವಾರಿಯ ನಂತರ ಒರೆಸಿ ಎಣ್ಣೆ ಬಿಡಬೇಕು. ಹಲ್ಲು ಸವೆದು ಚೂಪಾದರೆ ಚೈನ್ ಹಾರಿಹೋಗುತ್ತದೆ. ಬದಲಿ ಹಲ್ಲುರಾಟೆ ಆ ತಯಾರಕರ ಬಳಿ ಮಾತ್ರ ಸಿಗಬಹುದು, ಹಾಗಾಗಿ ಸೈಕಲ್ ಜೊತೆಗೇ ಒಂದು ಕೊಂಡಿಡಿ. ಸಾಮಾನ್ಯ ಡಬ್ಬಿಯ 126 ಕೊಂಡಿಯ ಚೈನ್ ಕೆಲವು ಫ್ರೇಮ್‌ಗಳಿಗೆ ಸಾಲುವುದಿಲ್ಲ. ಸೈಕಲ್ ತೊಳೆಯಲು ಬೇಸರಪಡುವವರು ಇದರ ಹತ್ತಿರ ಹೋಗದಿರುವುದೇ ಒಳ್ಳೆಯದು.

*150–160ರ ಸೈಕಲ್ಲನ್ನೇ ಬಲಪಡಿಸುವುದು.* ನೀವು ಹಾರುವುದಕ್ಕಿಂತ ಹತ್ತುವುದೇ ಹೆಚ್ಚಾಗಿದ್ದು ಧುಮುಕು ಒಂದೂವರೆ ಆಳೆತ್ತರ ದಾಟದಿದ್ದರೆ, ಫ್ರೇಮಿನ ಚೀಟಿ 5ನೇ ವರ್ಗ ಎನ್ನುತ್ತಿದ್ದರೆ, ಇದು ಸಾಕು. ಫೋರ್ಕನ್ನು 10 ಮಿ.ಮೀ. ಉದ್ದ ಮಾಡಬಹುದು. ಆದರೆ ಪ್ರತಿ 10 ಮಿ.ಮೀ.ಗೆ ಹೆಡ್ ಆಂಗಲ್ ಜೊತೆ ಸೀಟ್ ಆಂಗಲ್ಲೂ ಅರ್ಧ ಡಿಗ್ರಿ ಹಿಂದೆ ಹೋಗುತ್ತದೆ. 20 ಹೆಚ್ಚಿಸಿದರೆ ಒಂದು ಡಿಗ್ರಿ. ಇಳಿಜಾರಿಗೆಂದು ಮಾಡಿದ್ದು ಏರಿಗೆ ಕುತ್ತಾಗುವುದು ಹೀಗೆ. ಮುಂಭಾಗವನ್ನಷ್ಟೇ ಮಲಗಿಸಬೇಕಿದ್ದರೆ ಕೋನ ಬದಲಿಸುವ ಹೆಡ್‌ಸೆಟ್ ಕಪ್ ಹಾಕಿ, ಸೀಟ್ ಆಂಗಲ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಫೋರ್ಕಿನ ಗರಿಷ್ಠ ಉದ್ದ ಎಷ್ಟೆಂದು ಫ್ರೇಮ್ ತಯಾರಕರು ಹೇಳಿರುತ್ತಾರೆ. ಅದನ್ನು ದಾಟಿದರೆ ಒಡೆಯುವುದು ಹೆಡ್ ಟ್ಯೂಬಿನ ಬುಡ, ಅದೂ ಮುನ್ಸೂಚನೆ ಇಲ್ಲದೆ.

*ಮೋಟಾರ್ ಇರುವವು.* 85 ನ್ಯೂಟನ್ ಮೀಟರ್ ಎಳೆತದ ಪೂರ್ಣ ಶಕ್ತಿಯ ಇ-ಬೈಕ್ 22ರಿಂದ 25 ಕಿಲೋ ತೂಗುತ್ತದೆ. 50–60ರ ಹಗುರ ಮೋಟಾರಿನವು 18–20. ಒಂದು ದಿನದಲ್ಲಿ ಎರಡು ಇಳಿತದ ಜಾಗದಲ್ಲಿ ಐದು ಇಳಿತ ಸಿಗುತ್ತದೆ ಎಂಬುದು ಸುಳ್ಳಲ್ಲ. ಮಂಡಿ ನೋವಿನವರಿಗೆ, ಕಡಿಮೆ ಸಮಯದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಜಂಪಿನ ತುಟಿಯಲ್ಲಿ ಎಳೆದು ಎತ್ತುವುದು, ಗಾಳಿಯಲ್ಲಿ ಓರೆ ಮಾಡುವುದು 24 ಕಿಲೋದಲ್ಲಿ ಬೇರೆಯೇ ವಿದ್ಯೆ. ಬ್ರೇಕ್ ಪ್ಯಾಡು, ಹಿಂದಿನ ಟೈರು, ಚೈನ್ ಬೇಗ ಮುಗಿಯುತ್ತವೆ. ಎಷ್ಟೋ ಕಾಡುದಾರಿಗಳಲ್ಲಿ ಮೋಟಾರಿಗೆ ಪ್ರವೇಶವಿಲ್ಲ. ವಿಮಾನದಲ್ಲಿ 160 ವಾಟ್ ಅವರ್ ಮೀರಿದ ಬ್ಯಾಟರಿ ಒಯ್ಯಲು ಬಿಡುವುದಿಲ್ಲ, ಇವುಗಳದ್ದು ಅದರ ಎಷ್ಟೋ ಪಟ್ಟು ಇರುತ್ತದೆ. ಸವಾರಿಗೆಂದು ದೂರ ಪ್ರಯಾಣ ಮಾಡುವವರು ಇದನ್ನು ಮೊದಲೇ ಯೋಚಿಸಲಿ.

*ಸೆಕೆಂಡ್ ಹ್ಯಾಂಡ್.* ಹಣ ಕಡಿಮೆ ಇದ್ದರೆ ಮೂರು ನಾಲ್ಕು ವರ್ಷ ಹಳೆಯ 170 ಮಿ.ಮೀ. ಸೈಕಲ್ಲು ಹೊಸ, ಅಗ್ಗದ ಸೈಕಲ್ಲಿಗಿಂತ ಎಷ್ಟೋ ಮೇಲು. 26 ಇಂಚಿನ ಗಾಲಿಯ ಹಳೆಯ ಫ್ರೀರೈಡ್ ಯಂತ್ರಗಳು ಮಾತ್ರ ಬೇಡ, ಎಷ್ಟೇ ಅಗ್ಗವಾದರೂ: ಸೀಟ್ ಆಂಗಲ್ ಸರಿಯಿಲ್ಲ, ಡ್ರಾಪರ್ ಕೇಬಲ್ ದಾಟಿಸಲು ತೂತಿಲ್ಲ, 150 ಮಿ.ಮೀ. ಹಿಂದಿನ ಹಬ್ಬು, ಒಳ್ಳೆಯ ಟೈರು ಹುಡುಕಿದರೂ ಸಿಗದು. ಕೊಳ್ಳುವ ಮುನ್ನ ಹಿಂದಿನ ಆಕ್ಸಲ್ 148 ಮಿ.ಮೀ. ಇದೆಯೇ ನೋಡಿ. ಬಟ್ಟೆಯಲ್ಲಿ ಒರೆಸಿ ಬಾಟಮ್ ಬ್ರಾಕೆಟ್ ಸುತ್ತ, ಶಾಕ್ ಕೂರುವ ಜಾಗ, ಹೆಡ್ ಟ್ಯೂಬಿನ ಕೆಳಗೆ ಕೂದಲೆಳೆಯ ಬಿರುಕು ಹುಡುಕಿ. ಫೋರ್ಕಿನ ಕಾಲಿನ ಬಣ್ಣ ಸವೆದು ಬಿಳಿಚಿದ್ದರೆ ಬೆಲೆಯಲ್ಲಿ ಹೊಸ ಫೋರ್ಕಿನ ಲೆಕ್ಕ ಕಳೆಯಿರಿ. ಸೀಟು ಹಿಡಿದು ಮೇಲಕ್ಕೆತ್ತಿ, ಹಿಂಗಾಲಿ ನೆಲದಲ್ಲೇ ಇದ್ದು ಸೀಟು ಮಾತ್ರ ‘ಟಕ್’ ಎಂದು ಎದ್ದರೆ ಪಿವಟ್ ಬೇರಿಂಗು ಅಥವಾ ಶಾಕ್ ಬುಷ್ ಹೋಗಿದೆ. ಬುಷ್ ಅಗ್ಗ, ಪೂರ್ತಿ ಬೇರಿಂಗ್ ಸೆಟ್ ಹಾಗಲ್ಲ.

ಡೌನ್‌ಹಿಲ್ ಒಂದು, ಹಿಂದೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಹಾರ್ಡ್‌ಟೇಲ್ ಒಂದು ಎಂದು ಎರಡು ಹಳೆಯ ಸೈಕಲ್ ಇಟ್ಟುಕೊಳ್ಳುವವರೂ ಇದ್ದಾರೆ. ಲಿಫ್ಟ್ ಇರುವ ಪಾರ್ಕಿನ ಪಕ್ಕದಲ್ಲೇ ಇದ್ದರೆ ಇದು ಸರಿ. ಇಲ್ಲವಾದರೆ ಇಳಿಯುವ ದಿನ ಹತ್ತುವ ಸೈಕಲ್ಲು, ಹತ್ತುವ ದಿನ ಇಳಿಯುವ ಸೈಕಲ್ಲು ಕೈಯಲ್ಲಿರುತ್ತದೆ.

ಓಡಿಸಿ ನೋಡುವಾಗ

ಅಂಗಡಿಯ ಮುಂದಿನ ಸಪಾಟು ನೆಲದಲ್ಲಿ ಎರಡು ಸುತ್ತು ಹಾಕಿದರೆ ಏನೂ ತಿಳಿಯದು. ಶಾಕ್ ಪಂಪ್ ಕೇಳಿ ಪಡೆದು, ನಿಮ್ಮ ಬ್ಯಾಗು ಹೊತ್ತು ಕೂತು, ಹಿಂದೆ ಶೇ 30, ಮುಂದೆ ಶೇ 18–20 ಸ್ಯಾಗ್ ಹೊಂದಿಸಿ. ಸೀಟನ್ನು ನಿಮ್ಮ ಪೂರ್ತಿ ಎತ್ತರಕ್ಕೆ ಏರಿಸಿ. ಕಡಿದಾದ ಒಂದು ಏರು ಹುಡುಕಿ, ಕಟ್ಟಡದ ಪಾರ್ಕಿಂಗ್‌ಗೆ ಇಳಿಯುವ ಇಳಿಜಾರಾದರೂ ಸರಿ. ಅತಿ ಹಗುರ ಗೇರಿನಲ್ಲಿ, ಕೂತೇ, ನಡಿಗೆಯ ವೇಗದಲ್ಲಿ ಹತ್ತಿ. ಬೆರಳುಗಳನ್ನು ಹ್ಯಾಂಡಲ್ ಮೇಲೆ ಸಡಿಲ ಬಿಡಿ. ಬೆರಳು ತಾನಾಗಿ ಬಿಗಿದುಕೊಂಡರೆ, ಅಥವಾ ಪೃಷ್ಠ ಸೀಟಿನ ಮೂತಿಗೆ ಜಾರಿ ಕೂತರೆ ಆ ಫ್ರೇಮು ಇಲ್ಲವೇ ಆ ಅಳತೆ ನಿಮ್ಮದಲ್ಲ. ಅದೇ ಏರನ್ನು ಶಾಕ್ ಲಿವರ್ ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಹತ್ತಿ. ತೆರೆದಾಗಲೂ ಸಹಿಸುವಂತಿದ್ದರೆ ಕಿರುದಾರಿಗೂ ಆಗುತ್ತದೆ. ಎರಡು ಅಳತೆಗಳ ನಡುವೆ ಗೊಂದಲವಿದ್ದು ಹಾರುವ ಸಲುವಾಗಿ ಚಿಕ್ಕದನ್ನು ಆರಿಸುವ ಮನಸ್ಸಾದರೆ, ಸೀಟು ಏರಿಸಿದ ಸ್ಥಿತಿಯಲ್ಲಿ ಮಂಡಿ ಹ್ಯಾಂಡಲಿಗೆ ತಾಗುತ್ತದೆಯೇ ಎಂದು ಅಲ್ಲೇ ಒಂದು ಚಿಕ್ಕ ತಿರುವು ತಿರುಗಿ ನೋಡಿ. ಕಡಿದಾದ ಸೀಟ್ ಆಂಗಲ್ ಇರುವ ಸೈಕಲ್ಲಿನಲ್ಲಿ ಕೂತಾಗ ಮುಂಭಾಗ ಗಿಡ್ಡವಾಗಿಯೇ ಕಾಣುತ್ತದೆ; ರೀಚ್ (ಪೆಡಲಿನ ಅಚ್ಚಿನಿಂದ ಹ್ಯಾಂಡಲ್ ಕಡೆಯ ಕೊಳವೆಗೆ ಇರುವ ಅಡ್ಡ ದೂರ) ನಿಮ್ಮ ಹಿಂದಿನ ಸೈಕಲ್ಲಿನಷ್ಟೇ ಇದ್ದರೂ ಇಕ್ಕಟ್ಟೆನಿಸಬಹುದು.